ನಾಳೆ ಮನೆಗೆ ನರ್ಸ್ ಬರುತ್ತಾರೆ. ನಿಮ್ಮ ಮನೆಗೆ ಬಂದಾಗ ಏನಾಯಿತು?

ಹೊಸ ಅಮ್ಮ

ಮಗಳು ಹುಟ್ಟಿ ಇಂದಿಗೆ ಒಂಬತ್ತು ದಿನ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಬರುವುದಾಗಿ ನರ್ಸ್ ಫೋನ್ ಮಾಡಿ ತಿಳಿಸಿದ್ದಾರೆ. ಮಾತು ಮೃದುವಾಗಿಯೇ ಇತ್ತು. ಆದರೂ ಫೋನ್ ಇಟ್ಟಾಗಿನಿಂದ ಎದೆ ಹೊಡೆದುಕೊಳ್ಳುತ್ತಿದೆ.

ಕುರ್ಚಿಯ ಮೇಲೆ ಮಡಿಸದ ಬಟ್ಟೆಯ ಗುಡ್ಡೆ ಬಿದ್ದಿದೆ. ಸಿಸೇರಿಯನ್ ಆದ್ದರಿಂದ ಬಗ್ಗಲು ಆಗುವುದಿಲ್ಲ, ನೆಲ ಒರೆಸಿ ನಾಲ್ಕು ದಿನವಾಯಿತು. ಮಗು ಹುಟ್ಟಿದಾಗ 2.9 ಕಿಲೋ ಇತ್ತು. ನಾಲ್ಕನೇ ದಿನ ಆಸ್ಪತ್ರೆಯಿಂದ ಕಳುಹಿಸುವಾಗ 2.7 ಎಂದು ಬರೆದುಕೊಟ್ಟರು. ಆ 200 ಗ್ರಾಂ ಎಲ್ಲಿ ಹೋಯಿತು, ನನ್ನ ಹಾಲು ಸಾಲುತ್ತಿಲ್ಲವೇ ಎಂದು ರಾತ್ರಿಯೆಲ್ಲ ಇದೇ ಯೋಚನೆ. ಇನ್ನೊಂದು ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಸಂಜೆಯಾದರೆ ಸಾಕು, ಕಾರಣವಿಲ್ಲದೆ ಅಳು ಬರುತ್ತದೆ. ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತು ಬರುತ್ತೇನೆ.

ನರ್ಸ್ ಏನೇನು ನೋಡುತ್ತಾರೆ? ಮನೆಯನ್ನೂ ನೋಡಿ ಬರೆದುಕೊಳ್ಳುತ್ತಾರೆಯೇ? ಅಳುತ್ತೇನೆ ಎಂದು ಹೇಳಿದರೆ ಮಗುವನ್ನು ನೋಡಿಕೊಳ್ಳಲು ಇವಳಿಂದ ಆಗದು ಎಂದುಕೊಳ್ಳುತ್ತಾರೆಯೇ? ಅತ್ತೆಯವರು ಪಕ್ಕದಲ್ಲೇ ಇರುತ್ತಾರೆ, ಅವರ ಮುಂದೆ ಇದನ್ನೆಲ್ಲ ಹೇಗೆ ಹೇಳಲಿ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಎರಡು ಮಕ್ಕಳ ತಾಯಿ

ಬಟ್ಟೆಯ ಗುಡ್ಡೆಯನ್ನು ಹಾಗೆಯೇ ಬಿಡಿ. ಮೊದಲ ಮಗುವಿನ ಸಮಯದಲ್ಲಿ ನಾನು ಹಿಂದಿನ ರಾತ್ರಿ ಹನ್ನೆರಡರವರೆಗೆ ಮನೆ ಓರಣ ಮಾಡಿ, ಬೆಳಿಗ್ಗೆ ಹೊಲಿಗೆಯ ನೋವಿಗೆ ಎದ್ದು ನಿಲ್ಲಲಾಗದೆ ಕುಳಿತಿದ್ದೆ. ಬಂದ ನರ್ಸ್ ಮನೆಯನ್ನು ಒಮ್ಮೆಯೂ ಸುತ್ತಿ ನೋಡಲಿಲ್ಲ. "ಕೈ ತೊಳೆಯಲು ಎಲ್ಲಿ ಹೋಗಲಿ?" ಎಂಬುದೇ ಅವರ ಮೊದಲ ಪ್ರಶ್ನೆ.

ಆಮೇಲೆ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿಸಿ ತೂಗಿದರು. ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿನ ಬಿಳಿಭಾಗ ನೋಡಿದರು, ಎದೆಯ ಮೇಲೆ ಬೆರಳಿನಿಂದ ಮೆಲ್ಲನೆ ಒತ್ತಿ ಬಿಟ್ಟು ಚರ್ಮದ ಬಣ್ಣ ನೋಡಿದರು. ಅದು ಕಾಮಾಲೆಯ ಪರೀಕ್ಷೆಯಂತೆ. ಹೊಕ್ಕುಳು ಒಣಗಿದೆಯೇ, ನೆತ್ತಿ ಹೇಗಿದೆ, ಮೈಯಲ್ಲಿ ಎಲ್ಲಿಯಾದರೂ ಕೀವುಗುಳ್ಳೆ ಇದೆಯೇ ಎಂದು ನೋಡಿದರು. ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರು. ದಿನಕ್ಕೆ ಎಷ್ಟು ಸಲ ಮೂತ್ರ, ಮಲದ ಬಣ್ಣ ಯಾವುದು ಎಂದು ಕೇಳಿದರು.

ನನಗೆ ಇಂದಿಗೂ ಮರೆಯದಿರುವುದು ಆಮೇಲಿನ ಹತ್ತು ನಿಮಿಷ. "ಹಾಲು ಕುಡಿಸುವಾಗ ನಾನು ಇಲ್ಲೇ ಕುಳಿತು ನೋಡಬಹುದೇ?" ಎಂದು ಕೇಳಿದರು. ಆಗ ನನ್ನ ಮೊಲೆತೊಟ್ಟು ಒಡೆದು ರಕ್ತ ಬರುತ್ತಿತ್ತು. ಮಗು ಬಾಯಿ ಹಾಕಿದರೆ ಕಾಲ್ಬೆರಳು ಮಡಚಿ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಎಲ್ಲ ತಾಯಂದಿರಿಗೂ ಹೀಗೆಯೇ ಇರಬೇಕು ಎಂದುಕೊಂಡಿದ್ದೆ. ಅವರು ನನ್ನ ಮೊಣಕೈ ಕೆಳಗೆ ಒಂದು ದಿಂಬು ಇಟ್ಟರು. ಕುತ್ತಿಗೆ ಮಾತ್ರ ನನ್ನ ಕಡೆ ತಿರುಗಿಸಿ ಮಲಗಿದ್ದ ಮಗುವನ್ನು ಪೂರ್ತಿ ಹೊರಳಿಸಿ ಅದರ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ಹಿಡಿಸಿದರು. ಮೂಗಿನ ನೇರಕ್ಕೆ ತೊಟ್ಟು ಇಟ್ಟು, ಅದು ಆಕಳಿಸುವಷ್ಟು ಬಾಯಿ ತೆರೆಯುವವರೆಗೆ ಕಾಯಿಸಿದರು. "ಈಗ" ಎಂದರು. ಕೆಳತುಟಿ ಹೊರಕ್ಕೆ ಮಗುಚಿಕೊಂಡಿತು, ಗದ್ದ ಎದೆಗೆ ಒತ್ತಿಕೊಂಡಿತು. ನೋವಿಲ್ಲ. ಹತ್ತು ದಿನಗಳಲ್ಲಿ ಮೊದಲ ಬಾರಿಗೆ ಗುಟುಕು ನುಂಗುವ ಸದ್ದು ಕೇಳಿಸಿತು. ಅದನ್ನು ನನಗೆ ಪುಸ್ತಕವೂ ವಿಡಿಯೋವೂ ಕಲಿಸಿರಲಿಲ್ಲ.

ನಾಳೆ ಅವರು ಬರುವ ಹೊತ್ತಿಗೆ ಮಗುವಿಗೆ ಹಸಿವಾಗಿದ್ದರೆ ಒಳ್ಳೆಯದು. ಹಾಲು ಕುಡಿಸುವುದನ್ನು ನೋಡಿ ಎಂದು ನೀವಾಗಿಯೇ ಕೇಳಿ.

ಪುಟ್ಟನ ಅಪ್ಪ

ಗಂಡಸರು ಇಲ್ಲಿ ಬರೆಯುವುದು ಕಡಿಮೆ ಎಂದು ಗೊತ್ತು. ಆದರೆ ಇದನ್ನು ಬರೆಯದೆ ಇರಲಾರೆ.

ಹೆರಿಗೆಯಾದ ಆರನೇ ದಿನ. ಹೆಂಡತಿಗೆ ಹಿಂದಿನ ಸಂಜೆಯಿಂದ ತಲೆನೋವು. ನಿದ್ದೆಯಿಲ್ಲ, ಅದಕ್ಕೇ ಇರಬೇಕು ಎಂದು ಅವಳೂ ನಾನೂ ಮಾತ್ರೆ ನುಂಗಿಸಿ ಸುಮ್ಮನಿದ್ದೆವು. ನರ್ಸ್ ಬಂದದ್ದು ಮಗುವನ್ನು ನೋಡಲು ಎಂದೇ ನಾವು ತಿಳಿದಿದ್ದೆವು. ಮಗುವನ್ನು ನೋಡಿ ಮುಗಿಸಿ ಚೀಲ ಕಟ್ಟುತ್ತಾರೆ ಎಂದುಕೊಳ್ಳುವಾಗ "ಇನ್ನು ಅಮ್ಮನ ಸರದಿ" ಎಂದು ರಕ್ತದೊತ್ತಡದ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದರು. 164/112. ಅವರ ಮುಖದಲ್ಲಿ ಗಾಬರಿ ಕಾಣಲಿಲ್ಲ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು, ಅಷ್ಟೇ ಇತ್ತು. "ಕಣ್ಣ ಮುಂದೆ ಮಿಂಚಿದಂತೆ ಆಗುತ್ತಿದೆಯೇ? ಪಕ್ಕೆಲುಬಿನ ಕೆಳಗೆ ನೋವಿದೆಯೇ?" ಎಂದು ಕೇಳಿದರು. ಬೆಳಿಗ್ಗೆಯಿಂದ ಕಣ್ಣು ಮಂಜಾಗುತ್ತಿದೆ ಎಂದು ಅವಳು ಹೇಳಿದ್ದು ಆಗಲೇ. ನನಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅವರೇ ಆಸ್ಪತ್ರೆಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ನಾವು ಅಲ್ಲಿದ್ದೆವು.

ಬಸಿರಿನಲ್ಲಿ ಅವಳಿಗೆ ರಕ್ತದೊತ್ತಡವೇ ಇರಲಿಲ್ಲ. ರಕ್ತದೊತ್ತಡ ಅಪಾಯಕ್ಕೆ ಏರುವ ಪ್ರೀಎಕ್ಲಾಂಪ್ಸಿಯಾ ಹೆರಿಗೆಯ ನಂತರವೂ ಬರಬಹುದು, ಆರು ವಾರದವರೆಗೂ ಕಾಣಿಸಿಕೊಳ್ಳಬಹುದು, ಬಿಟ್ಟರೆ ಫಿಟ್ಸ್ ಬರಬಹುದು ಎಂದು ವೈದ್ಯರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ಮಗುವನ್ನು ನೋಡಲು ಬಂದು ಹೋಗುವವರು ಎಷ್ಟೋ ಜನ ಇದ್ದರು. ಅವಳನ್ನು ನೋಡಿದ್ದು ಆ ನರ್ಸ್ ಒಬ್ಬರೇ.

ಹೊಸ ಅಮ್ಮ ಅವರೇ, ನಾಳೆ ನಿಮ್ಮ ರಕ್ತದೊತ್ತಡ ನೋಡಲು ಮರೆತರೆ ಕೇಳಿ ನೋಡಿಸಿಕೊಳ್ಳಿ.

ಮುಂಜಾವು

ಎಲ್ಲರ ಅನುಭವವೂ ಹೀಗಿರುವುದಿಲ್ಲ. ನನ್ನದನ್ನೂ ಬರೆಯುತ್ತೇನೆ, ಏಕೆಂದರೆ ಇಂಥದ್ದನ್ನು ಯಾರೂ ಬರೆಯದಿದ್ದರೆ ನನ್ನಂಥವರು ತಪ್ಪು ತಮ್ಮದೇ ಎಂದುಕೊಂಡು ಬಿಡುತ್ತಾರೆ.

ನನ್ನ ಮನೆಗೆ ಬಂದವರು ಹೇಳಿದ ಸಮಯಕ್ಕಿಂತ ಎರಡು ಗಂಟೆ ತಡವಾಗಿ ಬಂದರು. ಚಪ್ಪಲಿ ಬಿಡುವ ಮೊದಲೇ "ಮಗು ಇಷ್ಟು ಸಣ್ಣಗಿದೆಯಲ್ಲ" ಎಂದರು. ತೂಗಿದರು, ತುಟಿ ಬಿಗಿದುಕೊಂಡು ತಲೆ ಅಲ್ಲಾಡಿಸಿದರು. ನಾನು ಹಾಲು ಕುಡಿಸುವುದನ್ನು ನೋಡಲಿಲ್ಲ, ಕೇಳಲೂ ಇಲ್ಲ. "ನಿಮ್ಮ ಹಾಲು ಸಾಲದು, ಪುಡಿ ಹಾಲು ಶುರು ಮಾಡಿ" ಎಂದು ಬರೆದು ಹತ್ತು ನಿಮಿಷದಲ್ಲಿ ಹೊರಟರು. ಬಾಗಿಲ ಬಳಿ ಗಂಡನಿಗೆ "ತಾಯಿ ಸ್ವಲ್ಪ ಧೈರ್ಯ ತಂದುಕೊಳ್ಳಬೇಕು" ಎಂದು ಹೇಳಿದ್ದು ನನಗೆ ಕೇಳಿಸಿತು. ನಾನು ಒಳಗೆ ಎದೆ ಮುಚ್ಚಿಕೊಂಡು ಕುಳಿತಿದ್ದೆ.

ಎರಡನೇ ಭೇಟಿಗೆ ನಾನು ಮುಖ ತೊಳೆದು, ಒಳ್ಳೆಯ ಬಟ್ಟೆ ಉಟ್ಟು, ನಗುತ್ತ ಕುಳಿತೆ. ಎಲ್ಲವೂ ಚೆನ್ನಾಗಿದೆ ಎಂದೆ. ಒಂದೂ ನಿಜವಾಗಿರಲಿಲ್ಲ. ಮೂರನೆಯದನ್ನು ರದ್ದು ಮಾಡಿಸಿದೆ. ಮನೆಯೊಳಕ್ಕೆ ಬಿಟ್ಟುಕೊಳ್ಳುವುದು ಸಣ್ಣ ವಿಷಯವಲ್ಲ. ಬಾಣಂತಿಯಾಗಿ ಮೈ ಮನಸ್ಸು ಎರಡೂ ತೆರೆದುಕೊಂಡು ಕುಳಿತವಳ ಎದುರು ಬಂದವರು ತಪ್ಪು ಹುಡುಕಲು ಬಂದಿದ್ದರೆ, ಬರದೇ ಇರುವುದೇ ಲೇಸು.

ಮನೆಭೇಟಿಯ ನರ್ಸ್

ಮುಂಜಾವು ಅವರೇ, ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಅದು ಆಗಬಾರದಿತ್ತು. ಹಾಲು ಕುಡಿಸುವುದನ್ನು ಕಣ್ಣಾರೆ ನೋಡದೆ ಹಾಲು ಸಾಲದು ಎಂದು ಹೇಳುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಒಂದೇ ದಿನ ಎಂಟು ಹತ್ತು ಮನೆ ಮುಗಿಸಬೇಕೆಂದು ಓಡಿಸುವ ಕಡೆಗಳಲ್ಲಿ ಇಂಥದ್ದು ಆಗುತ್ತದೆ. ಅದು ಕಾರಣ ಇರಬಹುದು, ಸಮರ್ಥನೆ ಅಲ್ಲ. ನಿಮಗೆ ಬೇರೆ ನರ್ಸ್ ಬೇಕೆಂದು ಕೇಳುವ ಅವಕಾಶ ಇದೆ. ಹೆಚ್ಚಿನ ಕಡೆ ಅದಕ್ಕೆ ಕಾರಣ ಕೊಡಬೇಕಾಗಿಯೂ ಇಲ್ಲ.

ಹೊಸ ಅಮ್ಮ ಅವರೇ, ನಿಮ್ಮ 200 ಗ್ರಾಂ ಲೆಕ್ಕವನ್ನು ಮೊದಲು ಮುಗಿಸೋಣ. 2,900ರಲ್ಲಿ 200 ಎಂದರೆ ನೂರಕ್ಕೆ ಸುಮಾರು ಏಳು. ಹುಟ್ಟಿದ ಮಗು ಮೊದಲ ದಿನಗಳಲ್ಲಿ ಇಷ್ಟು ಇಳಿಯುವುದು ಸಹಜ, ಮೈಯಲ್ಲಿನ ಹೆಚ್ಚಿನ ನೀರು ಹೋಗುತ್ತದೆ. ನೂರಕ್ಕೆ ಹತ್ತರ ಹತ್ತಿರ ಹೋದರೆ ನಾವು ಎಚ್ಚರಗೊಳ್ಳುತ್ತೇವೆ. ಸುಮಾರು ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಬೇಕು. ನಿಮ್ಮ ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ, 24 ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತಿದ್ದರೆ, ನಾಳೆ ತಕ್ಕಡಿ ನಿಮಗೆ ಸಮಾಧಾನವನ್ನೇ ಹೇಳುವ ಸಾಧ್ಯತೆ ಹೆಚ್ಚು.

ಮನೆಯ ಬಗ್ಗೆ ಕೇಳಿದಿರಿ. ನಾವು ನೋಡುವುದು ಮಗು ಮಲಗುವ ಜಾಗವನ್ನು. ಗಟ್ಟಿಯಾದ, ಸಮತಟ್ಟಾದ ಹಾಸಿಗೆ ಇದೆಯೇ, ಮುಖದ ಬಳಿ ದಿಂಬು ಅಥವಾ ಸಡಿಲ ಹೊದಿಕೆ ಇದೆಯೇ, ಅಂಗಾತ ಮಲಗಿಸುತ್ತಿದ್ದಾರೆಯೇ ಎಂದು. ಧೂಳು ನಮ್ಮ ಪಟ್ಟಿಯಲ್ಲಿ ಇಲ್ಲ. ಬರೆದುಕೊಳ್ಳುವುದು ತೂಕ, ಉಷ್ಣತೆ, ಹಾಲೂಡಿಕೆ, ನಿಮ್ಮ ರಕ್ತದೊತ್ತಡ, ರಕ್ತಸ್ರಾವ, ಹೊಲಿಗೆಯ ಸ್ಥಿತಿ, ಕೊಟ್ಟ ಸಲಹೆ. ಬರೆದದ್ದನ್ನು ತೋರಿಸಿ ಎಂದು ಕೇಳಿ, ತೋರಿಸಬೇಕು.

ಅತ್ತೆಯವರ ವಿಷಯ. ನಾಳೆ ಬೆಳಿಗ್ಗೆ ಅದೇ ಸಂಖ್ಯೆಗೆ ಫೋನ್ ಮಾಡಿ ಅಥವಾ ಸಂದೇಶ ಕಳುಹಿಸಿ, "ಐದು ನಿಮಿಷ ಒಬ್ಬಳೇ ಮಾತನಾಡಬೇಕು" ಎಂದಷ್ಟೇ ಹೇಳಿ. ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ. ಹೊಲಿಗೆ ನೋಡಬೇಕು, ಸ್ವಲ್ಪ ಬಾಗಿಲು ಹಾಕಿಕೊಳ್ಳುತ್ತೇನೆ ಎಂದು ನಾನು ಹೇಳುವುದುಂಟು. ಹೇಗೂ ಹೊಲಿಗೆ ನೋಡಲೇಬೇಕಲ್ಲ.

ಅಳುವಿನ ಬಗ್ಗೆ ಹೇಳುವುದಾದರೆ, ಮೂರನೇ ದಿನದ ಆಸುಪಾಸಿನಲ್ಲಿ ಶುರುವಾಗಿ ಎರಡು ವಾರದೊಳಗೆ ತಾನಾಗಿಯೇ ಇಳಿಯುವ ಅಳು ಬಹಳ ತಾಯಂದಿರಿಗೆ ಬರುತ್ತದೆ. ಎರಡು ವಾರ ದಾಟಿಯೂ ಮುಂದುವರಿದರೆ, ಅಥವಾ ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಸಂತೋಷವೇ ಕಾಣದಿದ್ದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ ಇರಬಹುದು. ಜ್ವರ ಬಂತು ಎಂದರೆ ಒಳ್ಳೆಯ ತಾಯಿ ಅಲ್ಲ ಎಂದು ನಾವು ಹೇಳುವುದಿಲ್ಲ, ಇದಕ್ಕೂ ಹೇಳುವುದಿಲ್ಲ. ನಿಮ್ಮನ್ನೋ ಮಗುವನ್ನೋ ನೋಯಿಸುವ ಯೋಚನೆ ಬಂದರೆ ಮಾತ್ರ ನಾಳೆಯವರೆಗೆ ಕಾಯಬೇಡಿ, ಈ ರಾತ್ರಿಯೇ ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ.

ಇದನ್ನು ಓದುತ್ತಿರುವ ಎಲ್ಲರಿಗೂ ಒಂದು ಮಾತು. ಮುಂದಿನ ಭೇಟಿ ನಾಳೆಯೇ ಇದ್ದರೂ ಕೆಲವು ಲಕ್ಷಣಗಳಿಗೆ ಕಾಯಬಾರದು. ಎಳೆಗೂಸು ಹಾಲು ಕುಡಿಯುವುದನ್ನು ಬಿಟ್ಟರೆ, ನಿಮಿಷಕ್ಕೆ ಅರವತ್ತು ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಎದೆಯ ಕೆಳಭಾಗ ಜೋರಾಗಿ ಒಳಕ್ಕೆ ಸೆಳೆದುಕೊಂಡರೆ, ಮೈ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ 35.5ಕ್ಕಿಂತ ಇಳಿದರೆ, ಫಿಟ್ಸ್ ಬಂದರೆ, ತಾನಾಗಿ ಕೈಕಾಲು ಆಡಿಸದಿದ್ದರೆ, ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ ಅಥವಾ ಎಂದಾದರೂ ಅಂಗೈ ಅಂಗಾಲು ಹಳದಿಯಾದರೆ ನೇರವಾಗಿ ಆಸ್ಪತ್ರೆಗೆ ಹೋಗಿ. ತಾಯಿಗೆ ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಜ್ವರ, ಒಂದೇ ಕಾಲಿನ ಮೀನಖಂಡದ ಊತ ಮತ್ತು ನೋವು, ಉಸಿರಿನ ತೊಂದರೆ, ಪುಟ್ಟನ ಅಪ್ಪ ಹೇಳಿದಂಥ ತಲೆನೋವು ಇದ್ದರೂ ಅಷ್ಟೇ.

ದೀಪದ ಬುಡ

ನನ್ನ ಮಗ 33 ವಾರಕ್ಕೇ ಹುಟ್ಟಿದವನು. 1.9 ಕಿಲೋ ಇರುವಾಗ ಮನೆಗೆ ಕರೆತಂದೆವು. ಆಸ್ಪತ್ರೆಯಲ್ಲಿ ಯಂತ್ರಗಳ ಸದ್ದು ಕೇಳಿ ಬೇಸತ್ತವಳಿಗೆ ಮನೆಯ ನಿಶ್ಶಬ್ದವೇ ಹೆದರಿಕೆ ಹುಟ್ಟಿಸಿತು. ರಾತ್ರಿ ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ ಎದ್ದು ಉಸಿರು ಎಣಿಸುತ್ತಿದ್ದೆ. ನಡುವೆ ನಾಲ್ಕೈದು ಸೆಕೆಂಡು ಉಸಿರೇ ಇಲ್ಲದಂತೆ ನಿಲ್ಲುತ್ತಿತ್ತು. ಆಮೇಲೆ ಬೇಗ ಬೇಗ ಉಸಿರಾಡುತ್ತಿದ್ದ. ಆ ನಾಲ್ಕೈದು ಸೆಕೆಂಡಿನಲ್ಲಿ ನನ್ನ ಉಸಿರೂ ನಿಲ್ಲುತ್ತಿತ್ತು.

ವಾರಕ್ಕೊಮ್ಮೆ ಬರುತ್ತಿದ್ದ ನರ್ಸ್‌ಗೆ ನಾನು ಇದನ್ನು ಹೇಳಲಿಲ್ಲ, ಅವರೇ ಕಂಡುಹಿಡಿದರು. ದಿಂಬಿನ ಪಕ್ಕದಲ್ಲಿ ಗೀಟುಗಳನ್ನು ಎಳೆದಿದ್ದ ಕಾಗದ ಇತ್ತು. "ಇದು ಏನು?" ಎಂದರು. ಉಸಿರಿನ ಲೆಕ್ಕ ಎಂದೆ. ಅವರು ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಪಕ್ಕದಲ್ಲಿ ಕುಳಿತು, ಹತ್ತು ಸೆಕೆಂಡಿಗಿಂತ ಕಡಿಮೆ ನಿಂತು ಮತ್ತೆ ಶುರುವಾಗುವ ಉಸಿರು ಎಳೆಯ ಮಕ್ಕಳಲ್ಲಿ ಇರುವುದೇ, ಇಪ್ಪತ್ತು ಸೆಕೆಂಡು ನಿಂತರೆ ಅಥವಾ ತುಟಿ ನೀಲಿಯಾದರೆ ಅದು ಬೇರೆ ಸಂಗತಿ ಎಂದು ವಿವರಿಸಿದರು. ಆಗ ಏನು ಮಾಡಬೇಕೆಂದು ಗೊಂಬೆಯ ಮೇಲೆ ಮಾಡಿ ತೋರಿಸಿದರು. ಅಂದು ರಾತ್ರಿ ಮೂರು ಗಂಟೆ ಒಟ್ಟಿಗೆ ಮಲಗಿದೆ.

ಕಾಂಗರೂ ಆರೈಕೆಯನ್ನು ಮನೆಯಲ್ಲಿ ಮುಂದುವರಿಸಿದ್ದೂ ಅವರಿಂದಲೇ. ಬರಿಮೈಯ ಮಗುವನ್ನು ಬರಿ ಎದೆಗೆ ನೇರವಾಗಿ ಕಟ್ಟಿಕೊಳ್ಳುವುದು ಎಳೆಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ, 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದದ್ದು. ಈಗ ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಮಕ್ಕಳಿಗೆ ದಿನಕ್ಕೆ ಎಂಟರಿಂದ 24 ಗಂಟೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಾನು ಸುಸ್ತಾದಾಗ ಗಂಡನೂ ಕಟ್ಟಿಕೊಳ್ಳಬಹುದು ಎಂದು ಅವರು ಹೇಳುವವರೆಗೆ ನಮಗಿಬ್ಬರಿಗೂ ಹೊಳೆದಿರಲಿಲ್ಲ.

ತೂಕದ ಬಗ್ಗೆ ಒಂದು ಎಚ್ಚರಿಕೆ. ಒಮ್ಮೆ ಬೇರೊಬ್ಬರು ಬೇರೆ ತಕ್ಕಡಿ ತಂದು ಬಟ್ಟೆ ಸಮೇತ ತೂಗಿ, ಮುಂದಿನ ವಾರ ಮೊದಲಿನವರು ಬಂದು ಬರಿಮೈಯಲ್ಲಿ ತೂಗಿದಾಗ ಮಗ 90 ಗ್ರಾಂ ಇಳಿದಂತೆ ಕಂಡಿತು. ಮೂರು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಸಾಧ್ಯವಾದಷ್ಟೂ ಒಂದೇ ತಕ್ಕಡಿ, ಬಟ್ಟೆಯಿಲ್ಲದೆ ತೂಗಿಸಿ.

ಓದಿ ನೋಡುವವ

ಅನುಭವಗಳ ನಡುವೆ ಅಧ್ಯಯನಗಳ ಮಾತು ಒಣದಾಗಿ ಕಾಣಬಹುದು, ಆದರೆ ಮುಂಜಾವು ಅವರ ಬರಹಕ್ಕೂ ಉಳಿದವರ ಬರಹಕ್ಕೂ ಇರುವ ಅಂತರ ನನ್ನನ್ನು ಕಾಡಿತು. ನನ್ನ ತಂಗಿಯ ಮಗುವಿನ ಸಮಯದಲ್ಲಿ ಇದನ್ನು ಸಾಕಷ್ಟು ಓದಿದ್ದೆ.

ಅಮೆರಿಕದ ಎಲ್ಮೈರಾ ಎಂಬ ಊರಿನಲ್ಲಿ 1977ರಲ್ಲಿ ಡೇವಿಡ್ ಓಲ್ಡ್ಸ್ ಎಂಬ ಸಂಶೋಧಕರು ಸುಮಾರು 400 ಗರ್ಭಿಣಿಯರ ಮೇಲೆ ಅಧ್ಯಯನ ಶುರು ಮಾಡಿದರು. ಬಸಿರಿನಿಂದ ಹಿಡಿದು ಮಗುವಿಗೆ ಎರಡು ವರ್ಷ ಆಗುವವರೆಗೆ ನರ್ಸ್ ಮನೆಗೆ ಬರುತ್ತಿದ್ದರು. ಹದಿನೈದು ವರ್ಷಗಳ ನಂತರ ನೋಡಿದರೆ, ಆ ಕುಟುಂಬಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ಪ್ರಕರಣಗಳು ಭೇಟಿ ಪಡೆಯದವರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಅದೇ ಕ್ರಮವನ್ನು ಇಂಗ್ಲೆಂಡಿಗೆ ತಂದು, ಹತ್ತೊಂಬತ್ತು ದಾಟದ 1,600ಕ್ಕೂ ಹೆಚ್ಚು ತಾಯಂದಿರೊಂದಿಗೆ ಪರೀಕ್ಷಿಸಿದಾಗ ಮುಖ್ಯವಾಗಿ ಅಳೆದ ವಿಷಯಗಳಲ್ಲಿ, ಅಂದರೆ ಧೂಮಪಾನ, ಹುಟ್ಟಿದ ತೂಕ, ಬೇಗನೆ ಮತ್ತೆ ಬಸಿರಾಗುವುದು, ಮಗುವಿನ ತುರ್ತು ಆಸ್ಪತ್ರೆ ಭೇಟಿ ಇವುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಎಲ್ಲ ತಾಯಂದಿರಿಗೂ ಮೊದಲಿನಿಂದಲೇ ಆರೋಗ್ಯ ಸಂದರ್ಶಕಿಯರ, ಅಂದರೆ ಮನೆಭೇಟಿಗೆ ತರಬೇತಿ ಪಡೆದ ನರ್ಸ್‌ಗಳ ಭೇಟಿ ಸಿಗುತ್ತಿತ್ತು ಎಂಬುದು ಒಂದು ವಿವರಣೆ. ಏನೂ ಇಲ್ಲದ ಕಡೆ ಭೇಟಿ ದೊಡ್ಡ ಬದಲಾವಣೆ ತರುತ್ತದೆ ಎಂದು ನನಗೆ ಅನಿಸುವುದು ಮಹಾರಾಷ್ಟ್ರದ ಗಡಚಿರೋಲಿಯನ್ನು ನೆನೆದಾಗ. ಅಭಯ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ ಅಲ್ಲಿ ಹಳ್ಳಿಯ ಮಹಿಳೆಯರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದರು. ಮೂರನೇ ವರ್ಷಕ್ಕೆ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿದಿತ್ತು. 1999ರಲ್ಲಿ ಅದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಹಳ್ಳಿಯ ಮಹಿಳೆಯರು ನರ್ಸ್‌ಗಳಾಗಿರಲಿಲ್ಲ ಎಂಬುದನ್ನೂ ಗಮನಿಸಿ.

ಹೊಸ ಅಮ್ಮ ಅವರ ಪ್ರಶ್ನೆಗೆ ಹತ್ತಿರವಾದದ್ದು ಸ್ಕಾಟ್‌ಲೆಂಡಿನ ಎಡಿನ್‌ಬರೋ ಅಧ್ಯಯನ, 1989ರದ್ದು. ಪ್ರಸವಾನಂತರದ ಖಿನ್ನತೆ ಇದ್ದ ತಾಯಂದಿರ ಮನೆಗೆ ಆರೋಗ್ಯ ಸಂದರ್ಶಕಿಯರು ವಾರಕ್ಕೊಮ್ಮೆಯಂತೆ ಎಂಟು ಸಲ ಹೋಗಿ ಅವರ ಮಾತು ಕೇಳಿಸಿಕೊಂಡರು. ಉಪದೇಶ ಮಾಡಲಿಲ್ಲ, ಮುಖ್ಯವಾಗಿ ಕೇಳಿಸಿಕೊಂಡರು. ಅವರಲ್ಲಿ 26ಕ್ಕೆ 18 ಮಂದಿ ಚೇತರಿಸಿಕೊಂಡರು, ಭೇಟಿ ಸಿಗದವರಲ್ಲಿ 24ಕ್ಕೆ 9. ಸಣ್ಣ ಅಧ್ಯಯನ, ನಿಜ. ಆದರೆ ಮುಂಜಾವು ಅವರಿಗೆ ಸಿಗದೇ ಹೋದದ್ದು ಇದೇ ಅಲ್ಲವೇ?

ಅಜ್ಜಿ

ನನ್ನ ಮೊಮ್ಮಗ ಈ ಪುಟ ತೆರೆದುಕೊಟ್ಟ. ಹೊಸ ಅಮ್ಮ, ನೀನು ನನ್ನ ಸೊಸೆಯ ವಯಸ್ಸಿನವಳು, ಏಕವಚನದಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಮ್ಮ ಮನೆಗೆ ನರ್ಸ್ ಬಂದು ಸೊಸೆಯ ಕೋಣೆಯ ಬಾಗಿಲು ಹಾಕಿಕೊಂಡಾಗ ನನಗೆ ನೋವಾಗಿತ್ತು. ಮೂರು ಮಕ್ಕಳನ್ನು ಹೆತ್ತು ಬೆಳೆಸಿದ ನನ್ನನ್ನು ಹೊರಗೆ ನಿಲ್ಲಿಸಿದರಲ್ಲ ಎಂದು. ಮೂವರನ್ನೂ ನಾನು ಬೋರಲು ಮಲಗಿಸಿ ಬೆಳೆಸಿದವಳು. ಅಂದು ವೈದ್ಯರೇ ಹಾಗೆ ಹೇಳುತ್ತಿದ್ದರು. ಮೊಮ್ಮಗನನ್ನೂ ಹಾಗೆಯೇ ಮಲಗಿಸುತ್ತಿದ್ದೆ, ಸೊಸೆ ಅಂಗಾತ ತಿರುಗಿಸುತ್ತಿದ್ದಳು. ದಿನಕ್ಕೆ ಹತ್ತು ಸಲ ಇದೇ ಜಗಳ, ಬಾಯಿ ಬಿಡದೆ ಆಡುವ ಜಗಳ.

ಬಾಗಿಲು ತೆರೆದ ಮೇಲೆ ಆ ನರ್ಸ್ ನನ್ನ ಬಳಿ ಬಂದು ಕುಳಿತರು. ನೀವು ತಪ್ಪು ಎಂದು ಹೇಳಲಿಲ್ಲ. ಬೋರಲು ಮಲಗಿದ ಮಕ್ಕಳು ನಿದ್ದೆಯಲ್ಲೇ ತೀರಿಕೊಳ್ಳುವುದು ಹೆಚ್ಚು ಎಂದು ಆಮೇಲೆ ಗೊತ್ತಾಯಿತು, 1990ರ ದಶಕದಲ್ಲಿ ಹಲವು ದೇಶಗಳು ಅಂಗಾತ ಮಲಗಿಸಿ ಎಂದು ಸಾರಿ ಹೇಳಿದ ಮೇಲೆ ಅಂಥ ಸಾವುಗಳು ಬಹಳ ಕಡಿಮೆಯಾದವು ಎಂದು ಹೇಳಿದರು. ನನ್ನ ಮೂವರು ಮಕ್ಕಳ ಹೆಸರು ಕೇಳಿದರು. ನನ್ನ ಹೆರಿಗೆಗಳ ಬಗ್ಗೆ ಕೇಳಿದರು. ಅದನ್ನು ಯಾರೂ ಕೇಳಿ ಮೂವತ್ತು ವರ್ಷವಾಗಿತ್ತು. ನಾನೂ ಆಗ ಸಂಜೆಯ ಹೊತ್ತು ಅಳುತ್ತಿದ್ದೆ ಎಂಬುದು ಅಂದು ನೆನಪಾಯಿತು.

ನಿನ್ನ ಅತ್ತೆಗೆ ಬಾಗಿಲು ಹಾಕಿದ್ದು ಸ್ವಲ್ಪ ನೋಯಬಹುದು. ಹಾಕಿಕೋ. ಆಮೇಲೆ ಅವರನ್ನೂ ಮಾತನಾಡಿಸಲು ನರ್ಸ್‌ಗೆ ಹೇಳು.

ಮುಂಜಾವು

ಮನೆಭೇಟಿಯ ನರ್ಸ್ ಅವರೇ, ನಿಮ್ಮ ಮಾತಿಗೆ ಧನ್ಯವಾದ. ಬೇರೆಯವರನ್ನು ಕೇಳಬಹುದು ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ. ಮಗನಿಗೆ ಈಗ ಏಳು ತಿಂಗಳು. ಎದೆಹಾಲು ಎರಡನೇ ತಿಂಗಳಿಗೇ ನಿಂತಿತು. ಅದು ಆ ಹತ್ತು ನಿಮಿಷದಿಂದ ಆಯಿತು ಎಂದು ಹೇಳಲಾರೆ, ಆಗಲಿಲ್ಲ ಎಂದೂ ಹೇಳಲಾರೆ. ಮೇಲೆ ಮೊಣಕೈ ಕೆಳಗೆ ದಿಂಬು ಇಟ್ಟ ಕಥೆ ಓದಿ ಬಹಳ ಹೊತ್ತು ಅತ್ತೆ.

ಎರಡು ಮಕ್ಕಳ ತಾಯಿ

ಮುಂಜಾವು ಅವರೇ, ಪುಡಿ ಹಾಲು ಕುಡಿದು ಬೆಳೆದ ಮಗನೂ ನಿಮ್ಮ ಎದೆಗೇ ಒರಗಿ ಮಲಗುತ್ತಾನೆ. ನನ್ನ ಎರಡನೆಯವಳಿಗೆ ನಾಲ್ಕನೇ ತಿಂಗಳಿಂದ ನಾನೂ ಬಾಟಲಿ ಕೊಟ್ಟೆ.

ಹೊಸ ಅಮ್ಮ

ಬಂದು ಹೋದರು. ಮಗು ಮಲಗಿದೆ, ಮರೆಯುವ ಮೊದಲು ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಸಂದೇಶ ಕಳುಹಿಸಿದ್ದೆ. "ಸರಿ ಅಮ್ಮ" ಎಂದಷ್ಟೇ ಉತ್ತರ ಬಂತು. ಬಟ್ಟೆಯ ಗುಡ್ಡೆ ಇದ್ದ ಕುರ್ಚಿಯೇ ಅವರಿಗೆ ಬೇಕಾಯಿತು. ಬಟ್ಟೆಗಳನ್ನು ಎತ್ತಿ ಹಾಸಿಗೆಯ ಮೇಲಿಟ್ಟು, ಅಲ್ಲೇ ಕುಳಿತು, ಮಾತನಾಡುತ್ತ ಮಾತನಾಡುತ್ತ ಎರಡು ಮೂರು ಸಣ್ಣ ಅಂಗಿಗಳನ್ನು ಮಡಿಸಿಟ್ಟರು. ಯಾಕೋ ಅದನ್ನು ನೋಡಿ ನನ್ನ ಗಂಟಲು ಕಟ್ಟಿತು.

ಮಗು 2.82 ಕಿಲೋ. ಆರು ದಿನಕ್ಕೆ 120 ಗ್ರಾಂ, ದಿನಕ್ಕೆ ಇಪ್ಪತ್ತರಂತೆ ಏರಿದೆ, ಹೀಗೆಯೇ ಏರಲಿ ಎಂದರು. ಕಣ್ಣಿನಲ್ಲಿ ಸ್ವಲ್ಪ ಹಳದಿ ಉಳಿದಿದೆ, ಅಂಗಾಲಿನಲ್ಲಿ ಇಲ್ಲ, ಎರಡು ವಾರ ದಾಟಿಯೂ ಉಳಿದರೆ ತೋರಿಸಬೇಕು. ನನ್ನ ರಕ್ತದೊತ್ತಡ 118/76. ನಾನಾಗಿ ಕೇಳುವ ಮೊದಲೇ ಪಟ್ಟಿ ಸುತ್ತಿದರು, ಪುಟ್ಟನ ಅಪ್ಪ ಅವರೇ.

ಆಮೇಲೆ ಹೊಲಿಗೆ ನೋಡುವುದಾಗಿ ಹೇಳಿ ಬಾಗಿಲು ಹಾಕಿದರು. ಖಿನ್ನತೆಯ ಸುಳಿವು ಇದೆಯೇ ಎಂದು ನೋಡುವ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕಳೆದ ಏಳು ದಿನಗಳಲ್ಲಿ ಹೇಗೆ ಅನಿಸಿತು ಎಂಬ ಪ್ರಶ್ನೆಗಳು. ನನ್ನ ಅಂಕ ಹದಿನಾಲ್ಕು ಬಂತು, ಅಂಕ ಹೆಚ್ಚಿದಷ್ಟೂ ಖಿನ್ನತೆಯ ಸಾಧ್ಯತೆ ಹೆಚ್ಚಂತೆ. ಇದು ರೋಗನಿರ್ಣಯ ಅಲ್ಲ, ಇನ್ನೂ ಹತ್ತೇ ದಿನ ಆಗಿರುವುದರಿಂದ ತಾನಾಗಿ ಇಳಿಯಲೂಬಹುದು, ಆದರೆ ಇದನ್ನು ಬಿಟ್ಟು ಹೋಗುವುದಿಲ್ಲ ಎಂದರು. ಕೊನೆಯ ಪ್ರಶ್ನೆ ನನ್ನನ್ನು ನಾನೇ ನೋಯಿಸಿಕೊಳ್ಳುವ ಯೋಚನೆಯ ಬಗ್ಗೆ. "ಇಲ್ಲವೇ ಇಲ್ಲ" ಎಂದು ಗುರುತು ಹಾಕಿದ್ದೆ. ಆದರೂ ಅವರು ಅದನ್ನು ಬಾಯಿಬಿಟ್ಟು ಇನ್ನೊಮ್ಮೆ ಕೇಳಿದರು, ಕಣ್ಣಿನಲ್ಲಿ ಕಣ್ಣಿಟ್ಟು. ನಲ್ಲಿ ತಿರುಗಿಸಿ ಅಳುವುದನ್ನು ಹೇಳಿದೆ. "ಇನ್ನು ಮುಂದೆ ನಲ್ಲಿ ಬೇಡ, ನನಗೆ ಫೋನ್ ಮಾಡಿ" ಎಂದು ಸಂಖ್ಯೆಯನ್ನು ಹಾಳೆಯ ಹಿಂದೆ ಬರೆದುಕೊಟ್ಟರು. ಬುಧವಾರ ಮತ್ತೆ ಬರುತ್ತಾರೆ, ಅದೇ ಹಾಳೆಯನ್ನು ಇನ್ನೊಮ್ಮೆ ಮಾಡಿಸುತ್ತಾರಂತೆ. ಇಳಿಯದಿದ್ದರೆ ವೈದ್ಯರ ಬಳಿ ಜೊತೆಗೆ ಬರುತ್ತೇನೆ ಎಂದಿದ್ದಾರೆ.

ಅಜ್ಜಿ, ಬಾಗಿಲು ತೆರೆದ ಮೇಲೆ ಅವರನ್ನೂ ಮಾತನಾಡಿಸಿ ಎಂದು ನರ್ಸ್‌ಗೆ ಪಿಸುಗುಟ್ಟಿದೆ. ಇಬ್ಬರೂ ಅಡುಗೆಮನೆಯಲ್ಲಿ ಇಪ್ಪತ್ತು ನಿಮಿಷ ಇದ್ದರು. ಏನು ಮಾತನಾಡಿದರೋ ಗೊತ್ತಿಲ್ಲ. ನರ್ಸ್ ಹೋದ ಮೇಲೆ ಅತ್ತೆ ಬಂದು ಮಗುವನ್ನು ಎತ್ತಿಕೊಂಡು, "ಸಂಜೆ ಆರರಿಂದ ಎಂಟರವರೆಗೆ ಇದು ನನ್ನ ಬಳಿ ಇರಲಿ, ನೀನು ಮಲಗು" ಎಂದರು. ಈಗ ಆರೂವರೆ. ಮಲಗಬೇಕಾದ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಮುಂಜಾವು

ಮಲಗಿ. ನಾವು ಬುಧವಾರದ ಸುದ್ದಿ ಕೇಳುತ್ತೇವೆ.

ಮನೆಭೇಟಿಯ ನರ್ಸ್ ಅವರೇ, ಏಳನೇ ತಿಂಗಳಲ್ಲಿ ಭೇಟಿಗೆ ಮತ್ತೆ ಕೇಳಬಹುದೇ, ಅಥವಾ ತಡವಾಯಿತೇ? ಮಗುವಿಗಲ್ಲ, ನನಗೆ.

ಮನೆಭೇಟಿಯ ನರ್ಸ್

ತಡವಾಗಿಲ್ಲ. ಖಿನ್ನತೆ ಮಗುವಿನ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ನಾಳೆ ಬೆಳಿಗ್ಗೆ ಫೋನ್ ಮಾಡಿ ಬೇರೆ ನರ್ಸ್ ಬೇಕೆಂದು ಕೇಳಿ. ಮೊದಲ ಮಾತಿನಲ್ಲೇ "ಮಗುವಿಗಲ್ಲ, ನನಗೆ" ಎಂದು ಇಲ್ಲಿ ಬರೆದ ಹಾಗೆಯೇ ಹೇಳಿ. ಸಿಗದಿದ್ದರೆ ಇಲ್ಲಿ ತಿಳಿಸಿ, ಮುಂದೆ ಏನು ಮಾಡಬಹುದೆಂದು ನೋಡೋಣ.